ಎಪ್ಪತ್ತರಲ್ಲಿ ನಿಂತದ್ದು

ಪರದೆ ಸರಿಸಿದರೆ ತಮ್ಮನಿಗೆ ಗೊತ್ತಾಗುತ್ತದೆ, ಸರಿಸದಿದ್ದರೆ ಅಕ್ಕನಿಗೆ ಜೀವ ತಡೆಯುವುದಿಲ್ಲ. ಕೊನೆಗೆ ಅವಳು ಅಡುಗೆಮನೆಯ ಸಿಂಕಿನ ಮುಂದೆ ನಿಂತು, ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತ, ಪರದೆಯ ಸಂದಿಯಿಂದ ಒಂದೇ ಕಣ್ಣಲ್ಲಿ ಹಿತ್ತಲು ನೋಡಿದಳು. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ತಮ್ಮ ಮೊಣಕಾಲೂರಿ ಕೂತಿದ್ದ. ಅವನ ಮುಂದೆ, ಕೆಂಡ ಮಾಡುವ ತಗಡಿನ ಕೊಳವೆಯ ತುಂಬ ಇದ್ದಿಲು. ಅದರ ಬುಡಕ್ಕೆ ಹಳೆ ಪೇಪರ್ ಮುದುರಿ ತುರುಕಿದ್ದ, ಕಡ್ಡಿಯನ್ನೂ ಗೀರಿದ್ದ. ಪೇಪರು ಬುಸ್ ಎಂದು ಉರಿದು ಬೂದಿಯಾಯಿತು. ಇದ್ದಿಲು ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆನ್ನುವ ಹಾಗೆ ಕಪ್ಪಗೆ ಕೂತಿತ್ತು.

"ಒಂಚೂರು ಸೀಮೆಎಣ್ಣೆ ಸುರಿದಿದ್ರೆ ಆಗ್ತಿತ್ತಪ್ಪ," ಅಂದ ಗಂಡ, ಅವಳ ಬೆನ್ನ ಹಿಂದಿನಿಂದ.

"ಶ್! ಕೇಳಿಸ್ತದೆ ರೀ."

"ಕೇಳ್ಸಲಿ ಬಿಡೆ. ಬೆಂಕಿ ಹಚ್ಚೋಕೆ ಇಷ್ಟು ಒದ್ದಾಟನಾ? ನಮ್ಮಜ್ಜಿ ಒಂದೇ ಒಂದು ಉಸಿರು ಊದಿದ್ರೆ..."

"ನಿಮ್ಮಜ್ಜಿ ಕಥೆ ಆಮೇಲೆ. ಹೋಗಿ ಹಲ್ಲುಜ್ಜಿ."

ಹಿತ್ತಲಲ್ಲಿ ತಮ್ಮ ತಲೆಯೆತ್ತಲಿಲ್ಲ. "ಭಾವ, ಎಣ್ಣೆ ಹಾಕಿದ್ರೆ ಮಾಂಸವೆಲ್ಲ ಅದೇ ನಾರುತ್ತೆ," ಅಂದ ಕಿಟಕಿಯ ಕಡೆಗೆ. "ಪೇಪರ್ ಜಾಸ್ತಿ ತುರುಕಿಬಿಟ್ಟೆ. ಗಾಳಿ ಆಡ್ತಿಲ್ಲ. ಇನ್ನೊಂದ್ಸಲ ಮಾಡ್ತೀನಿ."

ಅಕ್ಕನ ಕೈಯ ಲೋಟ ಸಿಂಕಿಗೆ ಬಿತ್ತು. ಎಷ್ಟು ಕಾಲವಾಗಿತ್ತು ಅವನ ಬಾಯಿಂದ ಇಷ್ಟುದ್ದದ ಮಾತು ಬಂದು! ಗಂಡನೂ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಅವಳ ಮುಖ ನೋಡಿದ. ಇಬ್ಬರೂ ಏನೂ ಆಗದವರ ಹಾಗೆ ಒಬ್ಬರಿಂದೊಬ್ಬರು ದೂರ ಸರಿದರು. ಗುಬ್ಬಚ್ಚಿ ಹೆದರಿ ಹಾರಿಹೋದೀತು ಅನ್ನುವಂಥ ಎಚ್ಚರ ಇಬ್ಬರಿಗೂ.

ತಮ್ಮ ಸಿಟಿ ಬಸ್ಸಿನ ಡ್ರೈವರಾಗಿದ್ದವನು. ಹೋದ ವರ್ಷ ಒಂದು ಮಧ್ಯಾಹ್ನ, ತುಂಬಿದ ಬಸ್ಸನ್ನು ದೊಡ್ಡ ರಸ್ತೆಯ ನಟ್ಟನಡುವೆ ನಿಲ್ಲಿಸಿ, ಎಂಜಿನ್ ಆರಿಸಿ, ಕೀಲಿಯನ್ನು ಕಂಡಕ್ಟರನ ಕೈಗಿಟ್ಟು ಇಳಿದು ನಡೆದುಬಿಟ್ಟಿದ್ದ. ಬಸ್ಸಿನಲ್ಲಿದ್ದವರು ಬಾಯಿಗೆ ಬಂದ ಹಾಗೆ ಬೈದರು, ಹಿಂದಿನ ಗಾಡಿಗಳು ಊರು ಹಾರಿಹೋಗುವಂತೆ ಹಾರನ್ ಬಾರಿಸಿದವು. ಅವನು ಹಿಂತಿರುಗಿ ನೋಡದೆ ಅಕ್ಕನ ಮನೆಗೆ ಬಂದು, ಹಿಂದಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಏನಾಯ್ತೋ ಅಂದರೆ "ಏನಿಲ್ಲಕ್ಕ." ಯಾರೇನಂದ್ರೋ ಅಂದರೆ "ಯಾರೂ ಏನೂ ಅಂದಿಲ್ಲಕ್ಕ." ಡಾಕ್ಟರು ಮಾತ್ರೆ ಬರೆದರು, ಕೂರಿಸಿ ಮಾತಾಡಿಸಿದರು, "ಟೈಮ್ ಹಿಡಿಯುತ್ತೆ ಸಿಸ್ಟರ್" ಅಂದರು. ಆ ಮಾತನ್ನು ಅವಳೇ ಎಷ್ಟು ಜನಕ್ಕೆ ಹೇಳಿ ಕಳಿಸಿದ್ದಳೋ ಲೆಕ್ಕವಿಲ್ಲ. ಹೇಳುವ ಬಾಯಿಗೆ ಅದು ಸಕ್ಕರೆ, ಕೇಳುವ ಕಿವಿಗೆ ಕಾದ ಸೀಸ ಅಂತ ಆಗ ಗೊತ್ತಾಯಿತು.

ಅವಳು ದೊಡ್ಡಾಸ್ಪತ್ರೆಯ ಜ್ವರದ ವಾರ್ಡಿನಲ್ಲಿ ನರ್ಸು. ಅವಳ ಕೈಯಲ್ಲಿ ಥರ್ಮಾಮೀಟರು ಸವೆದಷ್ಟು ಸೌಟು ಸವೆದಿಲ್ಲ ಅಂತ ಗಂಡ ಹಂಗಿಸುತ್ತಿದ್ದ. ಆ ವಾರ್ಡಿನ ಧರ್ಮವೇ ಬೇರೆ. ಅಂಕಿ ಏರಿದರೆ ಒಂದು ಮದ್ದು, ಇಳಿದರೆ ಒಂದು ಮದ್ದು, ನಿಂತಲ್ಲೇ ನಿಂತರೆ ಡಾಕ್ಟರಿಗೆ ಫೋನು. ಸುಮ್ಮನೆ ನೋಡುತ್ತ ಕೂರುವ ಪದ್ಧತಿ ಅಲ್ಲಿಲ್ಲ, ಅವಳ ರಕ್ತದಲ್ಲೂ ಇಲ್ಲ. ಮನೆಯಲ್ಲೂ ಅದೇ ಆಯಿತು. ಹೊತ್ತಿಗೊಂದು ಸಲ ಹಿಂದಿನ ಕೋಣೆಯ ಬಾಗಿಲು ತೆರೆಯುವುದು, ಎದ್ಯೇನೋ, ಉಂಡ್ಯೇನೋ, ನಿದ್ದೆ ಬಂತೇನೋ. "ಅವನೇನು ಅನ್ನದ ಪಾತ್ರೆನಾ, ಗಳಿಗೆಗೊಂದ್ಸಲ ಮುಚ್ಚಳ ತೆಗೆದು ಅಗುಳು ಹಿಚುಕೋಕೆ?" ಅಂತ ಗಂಡ ಒಮ್ಮೆ ರೇಗಿದ್ದ. ಅವಳು ಅತ್ತುಬಿಟ್ಟಿದ್ದಳು. ಆಮೇಲೆ ಅವನು ಆ ವಿಷಯ ಎತ್ತಿರಲಿಲ್ಲ.

ಅಂಥ ತಮ್ಮ ಮೊನ್ನೆ ಮೊನ್ನೆ ಫೋನಿನಲ್ಲೇ ಅದೇನನ್ನೋ ತರಿಸಿದ. ಸೊಂಟದೆತ್ತರದ ರಟ್ಟಿನ ಪೆಟ್ಟಿಗೆ. ಒಳಗಿದ್ದದ್ದು ಒಂದು ಸ್ಮೋಕರ್. ಕರಿಬಣ್ಣದ ಉಕ್ಕಿನ ಡ್ರಮ್ಮು, ತಳದಲ್ಲಿ ಇದ್ದಿಲಿನ ಬುಟ್ಟಿ, ನಡುವೆ ನೀರಿನ ಬೋಗುಣಿ, ಮೇಲೆ ಮಾಂಸ ಇಡುವ ಜಾಲರಿ, ಅದರ ಮೇಲೆ ಗುಮ್ಮಟದಂಥ ಮುಚ್ಚಳ, ಮುಚ್ಚಳದಲ್ಲಿ ಒಳಗಿನ ಕಾವು ತೋರಿಸುವ ಒಂದು ಮುಳ್ಳು. ಉರಿಯಲ್ಲಿ ಸುಡುವುದಲ್ಲವಂತೆ, ಬರೀ ಕಾವಿನಲ್ಲಿ, ಹೊಗೆಯಲ್ಲಿ ಇಡೀ ದಿನ ಬೇಯಿಸುವುದಂತೆ. ಒಂದು ಮಧ್ಯಾಹ್ನವೆಲ್ಲ ಕೂತು ಅವನೇ ಅದನ್ನು ಜೋಡಿಸಿದ. ಕೊನೆಗೆ ಎರಡು ನಟ್ಟು ಮಿಕ್ಕವು. "ನನ್ನ ತಲೆಗೆ ಹಾಕಪ್ಪ, ಅಲ್ಲೇ ಲೂಸಾಗಿರೋದು," ಅಂದ ಭಾವ. ತಮ್ಮನ ಬಾಯಿಯ ಒಂದು ಮೂಲೆ ಮೇಲೆದ್ದಿತ್ತು. ಅಕ್ಕ ಅದನ್ನು ನೋಡಿ ಸ್ಟೋರ್‌ರೂಮಿಗೆ ಹೋಗಿ ಮುಖ ಒರೆಸಿಕೊಂಡು ಬಂದಳು.

ಇಷ್ಟೇ ಆಗಿದ್ದರೆ ಅವಳಿಗೆ ಈ ಪಾಟಿ ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಅವನೇ ಫೋನ್ ಮಾಡಿ ಹಳೆಯ ಜೊತೆಗಾರ ಕಂಡಕ್ಟರನನ್ನು ಭಾನುವಾರ ಊಟಕ್ಕೆ ಕರೆದಿದ್ದ. ಕೀಲಿ ಕೊಟ್ಟು ಇಳಿದ ದಿನದಿಂದ ಅವನು ತಾನಾಗಿ ಕರೆದ ಮೊದಲ ಮನುಷ್ಯ. ಕಂಡಕ್ಟರ್ ಆಮೇಲೆ ಅಕ್ಕನಿಗೆ ಗುಟ್ಟಾಗಿ ಫೋನ್ ಮಾಡಿದ. "ಅಕ್ಕಾ, ಡಿಪೋ ಮ್ಯಾನೇಜರ್ ಹತ್ರ ಮಾತಾಡಿದೀನಿ. ಗಾಡಿ ಓಡಿಸೋದು ಈಗ ಬೇಡ, ಗ್ಯಾರೇಜಲ್ಲಿ ಹಾಕ್ಕೋತೀನಿ, ಅವನು ಬಂದು ಒಂದು ಮಾತು ಹೂಂ ಅನ್ಲಿ ಅಂದ್ರು. ಊಟ ಆಗಿ ಮನಸ್ಸು ತಣ್ಣಗಿದ್ದಾಗ ನಾನೇ ಕೇಳ್ತೀನಿ. ನೀವೇನೂ ಬಾಯಿ ಬಿಡಬೇಡಿ." ಅವಳು ಬಾಯಿ ಬಿಟ್ಟಿರಲಿಲ್ಲ. ಆದರೆ ಅಂದಿನಿಂದ ಅವಳ ಲೆಕ್ಕವೆಲ್ಲ ಆ ಭಾನುವಾರದ ಊಟಕ್ಕೆ ಬಂದು ನಿಂತಿತ್ತು. ಅದೊಂದು ಸರಿಹೋದರೆ ತಮ್ಮ ಹೊಸಿಲು ದಾಟುತ್ತಾನೆ. ಕೆಟ್ಟರೆ ಮತ್ತೆ ಗೋಡೆ.

ಮೂರನೆಯ ಸಲಕ್ಕೆ ಇದ್ದಿಲು ಹತ್ತಿತು. ಕೆಂಡವನ್ನು ಅವನು ಬುಟ್ಟಿಯ ಇದ್ದಿಲ ಮೇಲೆ ಸುರಿದು, ಹಣ್ಣಿನ ಮರದ ನಾಲ್ಕು ತುಂಡು ಇಟ್ಟು, ಮುಚ್ಚಳ ಮುಚ್ಚಿದ. ಹಿತ್ತಲ ತುಂಬ ಬಿಳಿ ಹೊಗೆ ಬುಗುಬುಗು ಎದ್ದಿತು. ಅಕ್ಕ ಕೆಮ್ಮುತ್ತ ಹೊರಗೆ ಬಂದಳು. ಹಂದಿಯ ಭುಜದ ದೊಡ್ಡ ತುಂಡು ಉಪ್ಪು, ಮೆಣಸಿನಪುಡಿ ಹಚ್ಚಿಸಿಕೊಂಡು ತಟ್ಟೆಯಲ್ಲಿ ಕಾಯುತ್ತಿತ್ತು.

"ಇಡೋದಲ್ವೇನೋ?"

"ಇರು ಅಕ್ಕ. ಈ ಹೊಗೆ ಕಹಿ. ಇದು ತೆಳ್ಳಗಾಗಿ, ನೀಲಿಗೆ ತಿರುಗಬೇಕು. ಆಮೇಲೆ." ಅವನು ಸ್ಟೂಲಿನ ಮೇಲೆ ಕೂತು, ಕೆಳಗಿನ ಗಾಳಿಕಿಂಡಿಯನ್ನು ಒಂದು ಕೂದಲಿನಷ್ಟು ಮುಚ್ಚಿದ. ಗಾಳಿ ಹೆಚ್ಚಾದರೆ ಏನು, ಕಮ್ಮಿಯಾದರೆ ಏನು, ನೀರು ಯಾಕೆ, ಮಾಂಸದೊಳಗೆ ಚುಚ್ಚುವ ಈ ತಂತಿ ಏನು ಹೇಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಏನೇನಾಗುತ್ತದೆ, ಎಲ್ಲ ಹೇಳತೊಡಗಿದ. ಅಕ್ಕ ಅವನ ಬಾಯನ್ನೇ ನೋಡುತ್ತ ನಿಂತಳು. ಮೀಸೆ ಕತ್ತರಿಸಿಕೊಂಡಿದ್ದಾನೆ. ಕಣ್ಣಿನ ಕೆಳಗಿನ ಕಪ್ಪು ಸ್ವಲ್ಪ ಕಮ್ಮಿಯಾಗಿದೆ. ಮಾತಾಡುವಾಗ ಮೊದಲಿನ ಹಾಗೆ ಎಡಗೈ ಆಡಿಸುತ್ತಾನೆ. ಹೂಂ ಹೂಂ ಅಂತ ತಲೆಯಾಡಿಸಿದಳೇ ಹೊರತು ಅವನು ಹೇಳಿದ್ದರಲ್ಲಿ ಒಂದಕ್ಷರ ಅವಳ ತಲೆಗೆ ಹೋಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಚಿಕ್ಕಮ್ಮ ಬಂದಳು. ಇವರಿಬ್ಬರ ತಾಯಿಯ ತಂಗಿ, ಸಕ್ಕರೆ ಕಾಯಿಲೆಯವಳು, ನಾಲಿಗೆಯಲ್ಲಿ ಮಾತ್ರ ಸಕ್ಕರೆ ಇಲ್ಲ. ಬಂದವಳೇ ಮೂಗು ಮುಚ್ಚಿಕೊಂಡು, "ಏನೇ ಇದು, ಮನೆಗೆ ಬೆಂಕಿ ಬಿದ್ದಿದೆಯಾ, ಇಲ್ಲ ಸೊಳ್ಳೆ ಓಡಿಸ್ತಿದೀರಾ?" ಅಂದಳು. ಹಿಂದೆಯೇ ಕಂಡಕ್ಟರ್ ಬಂದ. ಗೇಟಿನಲ್ಲೇ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದು, "ಡ್ರೈವರ್ ಸಾಹೇಬ್ರೇ, ರೈಟ್!" ಅಂದ. ತಮ್ಮ ಸ್ಟೂಲಿನಿಂದ ಎದ್ದು ಅವನ ಕೈ ಹಿಡಿದುಕೊಂಡ, ಬಿಡಲೇ ಇಲ್ಲ ಸ್ವಲ್ಪ ಹೊತ್ತು. ಕೊನೆಗೆ ಅಕ್ಕನ ಗಂಡನೇ, "ಪ್ಯಾಸೆಂಜರ್ ಎಲ್ಲಾ ಒಳಗಡೆ ಬನ್ನಿ, ನಿಂತ್ಕೊಂಡಿರೋರು ಮುಂದಕ್ಕೆ ಹೋಗಿ," ಅಂತ ಕೂಗಿ ಎಲ್ಲರನ್ನೂ ನಗಿಸಿದ.

ಬ್ರೆಡ್ಡು ಕೊಯ್ದಿಟ್ಟಾಗಿತ್ತು. ಆಲೂಗಡ್ಡೆ ಬೆಂದಿತ್ತು, ಈರುಳ್ಳಿ ಹೆಚ್ಚಿಟ್ಟಾಗಿತ್ತು, ತಟ್ಟೆಗಳು ಮೇಜಿನ ಮೇಲಿದ್ದವು. ಮಾಂಸವೊಂದು ಬರಬೇಕು. ಮಾಂಸದೊಳಗೆ ಚುಚ್ಚಿದ ತಂತಿಯ ಇನ್ನೊಂದು ತುದಿಯಲ್ಲಿ ಬೆಂಕಿಪೊಟ್ಟಣದಷ್ಟು ಡಬ್ಬಿ, ಅದರಲ್ಲಿ ಮಾಂಸದೊಳಗಿನ ಕಾವು ಎಷ್ಟು ಡಿಗ್ರಿ ಅನ್ನುವ ಅಂಕಿ. ಬೆಳಿಗ್ಗೆಯಿಂದ ಅದು ಚೆನ್ನಾಗಿ ಏರುತ್ತ ಬಂದಿತ್ತು. ನಲವತ್ತು, ಐವತ್ತು, ಅರವತ್ತೈದು. ತೊಂಬತ್ತು ದಾಟಿದರೆ ಮಾಂಸ ಬೆರಳಲ್ಲಿ ಬಿಡಿಸಿಕೊಳ್ಳುತ್ತದೆ ಅಂತ ತಮ್ಮ ಹೇಳಿದ್ದು ಮಾತ್ರ ಅವಳಿಗೆ ನೆನಪಿತ್ತು. ಎಪ್ಪತ್ತಕ್ಕೆ ಬಂದದ್ದು ಅಲ್ಲೇ ನಿಂತಿತು.

ಅವಳು ಉಪ್ಪಿನ ಡಬ್ಬಿ ಇಟ್ಟು ಬಂದಳು, ಎಪ್ಪತ್ತು. ನೀರಿನ ಜಗ್ಗು ತುಂಬಿಸಿ ಬಂದಳು, ಎಪ್ಪತ್ತು. ಚಿಕ್ಕಮ್ಮನಿಗೆ ಎರಡು ಬಿಸ್ಕತ್ತು ಕೊಟ್ಟು ಬಂದಳು, ಎಪ್ಪತ್ತೇ. ಬಟ್ಟೆ ಒಣಹಾಕುವ ನೆವದಲ್ಲಿ ಒದ್ದೆಯೇ ಇಲ್ಲದ ಟವೆಲ್ಲನ್ನು ಹಗ್ಗಕ್ಕೆ ಹಾಕಿ ಡಬ್ಬಿಯತ್ತ ಇಣುಕಿದಳು. ಅರವತ್ತೊಂಬತ್ತು.

"ಇಳೀತಿದೆ ಕಣೋ," ಅಂದಳು, ದನಿ ಆದಷ್ಟು ಹಗುರ ಮಾಡಿಕೊಂಡು.

"ಹೂಂ," ಅಂದ ತಮ್ಮ.

"ಇನ್ನೊಂಚೂರು ಇದ್ದಿಲು ಹಾಕಿದ್ರೆ?"

"ಬೇಡಕ್ಕ."

ಅಷ್ಟೇ. ಸ್ಟೂಲಿನ ಮೇಲೆ ಕೂತವನು ಕೂತೇ ಇದ್ದ. ಮೊಣಕಾಲ ಮೇಲೆ ಕೈ, ಕಣ್ಣು ಡ್ರಮ್ಮಿನ ಮೇಲೆ, ಮುಖದಲ್ಲಿ ಏನಂದರೆ ಏನೂ ಇಲ್ಲ. ಈ ಕೂರುವಿಕೆ ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ಕೋಣೆಯ ಮಂಚದ ತುದಿಯಲ್ಲಿ ಅವನು ಬೆಳಗಿನಿಂದ ಸಂಜೆಯವರೆಗೆ ಹೀಗೇ ಕೂತಿರುತ್ತಿದ್ದ. ಹೋಯ್ತು, ಅಂದುಕೊಂಡಳು. ಕೈಬಿಟ್ಟ. ಮಾಂಸ ಬೇಯುವುದಿಲ್ಲ ಅಂತ ಅವನಿಗೂ ಗೊತ್ತಾಗಿದೆ, ಹೇಳಲಾರದೆ ಕೂತಿದ್ದಾನೆ, ಇನ್ನು ಸ್ವಲ್ಪ ಹೊತ್ತಿಗೆ ಎದ್ದು ಒಳಗೆ ಹೋಗಿ ಗೋಡೆ ಕಡೆ ತಿರುಗುತ್ತಾನೆ. ದೇವರೇ, ನನ್ನ ಕೈಯಲ್ಲಿ ಏನೂ ಇಲ್ಲವಲ್ಲ!

ಒಳಗೆ ಚಿಕ್ಕಮ್ಮ ಶುರುಮಾಡಿದ್ದಳು. "ಮಧ್ಯಾಹ್ನದ ಊಟಕ್ಕೆ ಕರೆದ್ರೋ, ನಾಳೆ ಬೆಳಗಿನ ತಿಂಡಿಗೆ ಕರೆದ್ರೋ? ನನಗೆ ತಲೆ ತಿರುಗ್ತಿದೆ. ಆ ಹುಡುಗನಿಗೆ ಒಲೆ ಹಚ್ಚೋಕೆ ಕೊಟ್ಟಿದ್ದೇ ತಪ್ಪು. ಹುಷಾರಿಲ್ಲದವನು ಪಾಪ, ಅವನಿಗೇನು ಗೊತ್ತಾಗುತ್ತೆ?"

"ಮೆಲ್ಲಗೆ ಚಿಕ್ಕಮ್ಮ!"

"ಮೆಲ್ಲಗೆ ಹೇಳಿದ್ರೆ ಬೇಯುತ್ತೇನೇ?"

ಹಿತ್ತಲಲ್ಲಿ ಕಂಡಕ್ಟರ್ ತಮ್ಮನ ಹೆಗಲು ತಟ್ಟಿದ. "ಬಾ ಗುರು, ಕಾಲು ಜೋಮು ಹಿಡೀತಿದೆ. ಮೂಲೆ ಅಂಗಡೀಲಿ ಏನಾದ್ರೂ ತಣ್ಣಗಿರೋದು ತಗೊಂಡು ಬರೋಣ." ತಮ್ಮ ಡಬ್ಬಿ ನೋಡಿದ, ಮುಚ್ಚಳದ ಮುಳ್ಳು ನೋಡಿದ, ಎದ್ದ. ಗೇಟು ಕಿರ್ ಎಂದಿತು. ಅಕ್ಕ ಓಡಿ ಮುಂದಿನ ಕಿಟಕಿಗೆ ಹೋದಳು. ತಾನಾಗಿ ಗೇಟು ದಾಟಿದ್ದಾನೆ! ಹೆಗಲಿಗೆ ಹೆಗಲು ತಾಗಿಸಿಕೊಂಡು ಇಬ್ಬರೂ ರಸ್ತೆಯ ತಿರುವಿನಲ್ಲಿ ಮರೆಯಾದರು. ಅವಳಿಗೆ ಖುಷಿಯೂ ಆಯಿತು, ಭಯ ಅದರ ಎರಡರಷ್ಟಾಯಿತು. ತಿರುಗಿ ಬಂದಾಗ ಇದೇ ಬೇಯದ ಮಾಂಸ, ಇದೇ ಹಸಿದ ಮುಖಗಳು. ಅವನು ಬರುವಷ್ಟರಲ್ಲಿ ಸರಿಮಾಡಿಬಿಟ್ಟರೆ? ಅವನಿಗೆ ಸೋತ ಹಾಗಾಗದಂತೆ, ಯಾರಿಗೂ ಏನೂ ಅನ್ನಿಸದಂತೆ?

ಶೆಲ್ಫಿನಿಂದ ಕುಕ್ಕರ್ ಇಳಿಸಿದಳು.

"ಏನೇ ಮಾಡ್ತಿದೀಯ?" ಅಂದ ಗಂಡ.

"ಒಂದೆರಡು ಸೀಟಿ ರೀ. ಮೆತ್ತಗಾಗುತ್ತೆ. ಹೊಗೆ ವಾಸನೆ ಹೇಗೂ ಹಿಡಿದಿದೆ, ಅವನು ಮಾಡಿದ್ದೇ ಅಲ್ವಾ?"

ಗಂಡನ ಮುಖದಲ್ಲಿ ಹುಡುಕಿದರೂ ತಮಾಷೆ ಇರಲಿಲ್ಲ. "ಬೇಡ ಕಣೇ. ಬೇಯದಿದ್ರೆ ಬ್ರೆಡ್ಡು ತಿನ್ನೋಣ. ಅವನದನ್ನ ಅವನು ಮಾಡ್ಲಿ."

"ಏನು ಬ್ರೆಡ್ಡು ತಿನ್ನೋದು? ನಾನೇನು ಅಷ್ಟು ದೂರದಿಂದ ಬ್ರೆಡ್ಡಿಗೆ ಬಂದೆನಾ?" ಚಿಕ್ಕಮ್ಮ ಎದ್ದೇ ಬಿಟ್ಟಳು. "ಕೊಯ್ಯೇ ನೀನು. ನಾನು ಈರುಳ್ಳಿ ಹಾಕ್ತೀನಿ."

ಗಂಡ ಮುಂದಿನ ಕೋಣೆಗೆ ಹೋಗಿ ಟಿ.ವಿ. ಹಾಕಿಕೊಂಡು ಕೂತ. ಅಕ್ಕ ಹಿತ್ತಲಿಗೆ ಹೋಗಿ ಡ್ರಮ್ಮಿನ ಮುಚ್ಚಳ ಎತ್ತಿದಳು. ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಮಾಂಸ ಕಂದು ಬಣ್ಣಕ್ಕೆ ತಿರುಗಿ ಹೊರಗೆಲ್ಲ ತೇವದಿಂದ ಹೊಳೆಯುತ್ತಿತ್ತು. ನೋಡಲು ಎಷ್ಟು ಚಂದ ಇತ್ತೆಂದರೆ ಒಂದು ಕ್ಷಣ ಅವಳ ಕೈ ನಿಂತಿತು. ಆಮೇಲೆ ತಂತಿ ಕಿತ್ತಳು, ತಟ್ಟೆಗೆ ಇಳಿಸಿದಳು, ಹಲಗೆಯ ಮೇಲಿಟ್ಟು ಚಾಕು ಹಾಕಿದಳು. ಬೆಂದಿತ್ತು, ಆದರೆ ರಬ್ಬರಿನ ಹಾಗೆ ಎಳೆಯುತ್ತಿತ್ತು. ನೋಡಿದೆಯಾ, ನಾನಂದದ್ದೇ ನಿಜ, ಅಂತ ಅವಳಿಗೆ ಸಮಾಧಾನವೂ ಆಯಿತು. ತುಂಡು ಮಾಡಿ ಕುಕ್ಕರಿಗೆ ಸುರಿದು, ನೀರು ಹಾಕಿ, ಮುಚ್ಚಿ, ಗ್ಯಾಸ್ ದೊಡ್ಡದು ಮಾಡಿದಳು. ಹಿತ್ತಲಿಗೆ ಹೋಗಿ ಡ್ರಮ್ಮಿನ ಮುಚ್ಚಳ ಮೊದಲಿದ್ದ ಹಾಗೇ ಮುಚ್ಚಿ ಬಂದಳು. ವಾರ್ಡಿನಲ್ಲಿ ಕಷ್ಟದ ಕೇಸೊಂದು ದಡ ಸೇರಿದಾಗ ಆಗುವಂಥ ಹಗುರ ಅವಳಿಗೆ ಆಯಿತು.

ಅಷ್ಟರಲ್ಲಿ ರಸ್ತೆಯ ಕಡೆಯಿಂದ ಒಂದು ನಗು ಕೇಳಿಸಿತು. ಯಾರೋ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ನಡುವೆ ಉಸಿರು ಸಿಗದೆ, ಮತ್ತೆ ಮೊದಲಿಂದ. ಅವಳು ಕೈ ಒರೆಸುತ್ತಿದ್ದವಳು ಹಾಗೇ ನಿಂತಳು. ಈ ನಗು ಚಿಕ್ಕಂದಿನಿಂದ ಕೇಳಿದ ನಗು. ಸತ್ತೇ ಹೋಗಿದೆ ಅಂದುಕೊಂಡಿದ್ದ ನಗು. ಗೇಟು ಕಿರ್ ಎಂದಿತು. "ಲೋ, ಆ ಮುದುಕಪ್ಪ ಇನ್ನೂ ಬಸ್ಸಲ್ಲಿ ಕೋಳಿ ತರ್ತಾನಾ?" ಅನ್ನುವ ತಮ್ಮನ ದನಿ. "ಈಗ ಕೋಳಿಗೂ ಟಿಕೆಟ್ ಕೇಳ್ತೀನಿ!" ಅನ್ನುವ ಕಂಡಕ್ಟರನ ದನಿ. ಮತ್ತೆ ಆ ನಗು. ಅಕ್ಕ ಎರಡೂ ಕೈ ಬಾಯಿಗೆ ಒತ್ತಿಕೊಂಡಳು.

ಕುಕ್ಕರ್ ಕೂಗಿತು.

ಗ್ಯಾಸ್ ಆರಿಸಲು ಓಡಿದಳು. ತಿರುಗಿಸುವಷ್ಟರಲ್ಲಿ ಇನ್ನೊಂದು ಸಲವೂ ಕೂಗಿತು, ಇಡೀ ಮನೆಗೆ, ಹಿತ್ತಲಿಗೆ, ರಸ್ತೆಗೆಲ್ಲ ಕೇಳುವ ಹಾಗೆ. ಪರದೆಯ ಸಂದಿಯಿಂದ ಹಿತ್ತಲು ಕಂಡಿತು. ತಮ್ಮ ತಣ್ಣನೆಯ ಬಾಟಲಿಗಳನ್ನು ಎದೆಗವಚಿಕೊಂಡು ಡ್ರಮ್ಮಿನ ಮುಂದೆ ನಿಂತಿದ್ದ. ಕಿತ್ತ ತಂತಿ ಪಕ್ಕದಲ್ಲಿ ಜೋತಾಡುತ್ತಿತ್ತು. ಅವನು ಬಾಟಲಿಗಳನ್ನು ಒಂದೊಂದಾಗಿ ಕೆಳಗಿಟ್ಟು ಮುಚ್ಚಳ ಎತ್ತಿದ. ಖಾಲಿ ಜಾಲರಿಯನ್ನು ನೋಡಿದ. ಮುಚ್ಚಳವನ್ನು ಸದ್ದಾಗದಂತೆ ಮತ್ತೆ ಇಟ್ಟ.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು. ಅವನು ಕೈ ತೊಳೆದು ಒಳಗೆ ಬಂದು, "ಆಯ್ತಾ ಅಕ್ಕ?" ಅಂದ, ಅಷ್ಟೇ.

"ಚಿಕ್ಕಮ್ಮಂಗೆ ತಲೆ ತಿರುಗ್ತಿತ್ತು ಕಣೋ. ಅದಕ್ಕೆ, ಒಂದೇ ಒಂದು..."

"ಇರ್ಲಿ ಬಿಡು. ಒಳ್ಳೇದಾಯ್ತು."

ಎಲ್ಲರೂ ಉಂಡರು. ಮಾಂಸ ಮೆತ್ತಗಾಗಿತ್ತು, ಸಾರಿನಲ್ಲಿ ಬೆಂದ ಯಾವ ಮಾಂಸವಾದರೂ ಇರುವ ಹಾಗಿತ್ತು, ಎಲ್ಲೋ ದೂರದಲ್ಲಿ ಒಂದಿಷ್ಟು ಹೊಗೆ. "ಈಗ ನೋಡು, ಬೆಣ್ಣೆ! ಇದನ್ನ ಬೆಳಿಗ್ಗೇನೇ ಮಾಡಿದ್ರೆ ಆಗ್ತಿರ್ಲಿಲ್ವಾ?" ಅಂದಳು ಚಿಕ್ಕಮ್ಮ, ಎರಡನೆಯ ಸಲ ಬಡಿಸಿಕೊಳ್ಳುತ್ತ. ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ತಮ್ಮ ಎಲ್ಲರಿಗೂ ನೀರು ಬಡಿಸಿದ. ಚೆನ್ನಾಗಿದೆ ಅಕ್ಕ, ಅಂದ. ತನ್ನ ತಟ್ಟೆಯಲ್ಲಿದ್ದದ್ದನ್ನು ಒಂದು ಚೂರೂ ಬಿಡದೆ ತಿಂದ. ಆಮೇಲೆ ತಟ್ಟೆ ತೊಳೆದಿಟ್ಟು, ಸ್ವಲ್ಪ ತಲೆನೋಯ್ತಿದೆ ಅಂತ ಹೇಳಿ ಹಿಂದಿನ ಕೋಣೆಗೆ ಹೋದ. ಬಾಗಿಲು ಮುಚ್ಚಿಕೊಂಡದ್ದು ಯಾರಿಗೂ ಕೇಳಿಸಲಿಲ್ಲ, ಅಷ್ಟು ಮೆಲ್ಲಗೆ ಮುಚ್ಚಿದ.

ಹೊರಡುವಾಗ ಕಂಡಕ್ಟರ್ ಅಡುಗೆಮನೆಯ ಬಾಗಿಲಲ್ಲಿ ನಿಂತ. ಅವಳು ಕುಕ್ಕರ್ ಉಜ್ಜುತ್ತಿದ್ದಳು.

"ಕೇಳಿದ್ಯೇನಪ್ಪ?" ಅಂದಳು. "ಡಿಪೋ ವಿಷಯ?"

"ನಾನು ಕೇಳೋದೇನು ಬಂತು ಅಕ್ಕಾ. ಅಂಗಡಿಗೆ ಹೋಗ್ತಾ ದಾರೀಲಿ ಅವನೇ ಕೇಳ್ದ. ಡಿಪೋಲಿ ನನಗೇನಾದ್ರೂ ಕೆಲಸ ಇರುತ್ತೇನೋ, ಗಾಡಿ ತೊಳೆಯೋದಾದ್ರೂ ಆಗುತ್ತೆ ಅಂದ. ಇದೆ ಅಂದೆ. ನಾಳೆ ನಿನ್ನ ಜೊತೇಲೇ ಬರ್ತೀನಿ ಅಂದ." ಕಂಡಕ್ಟರ್ ಟೋಪಿ ಇಲ್ಲದ ತಲೆಯನ್ನು ಸವರಿಕೊಂಡ. "ಈಗ ಎಷ್ಟು ಹೊತ್ತಿಗೆ ಬರ್ಲಿ ಅಂತ ಕೇಳಿದ್ರೆ, ನೋಡೋಣ ಅಂದ."

ಅವಳ ಕೈಯ ನಾರು ನಿಂತಿತು. ನಲ್ಲಿ ಸುಮ್ಮನೆ ಹರಿಯುತ್ತಿತ್ತು.

"ಒಳ್ಳೇ ಖುಷಿಯಾಗಿದ್ದ ಅಕ್ಕಾ. ದಾರಿಯುದ್ದಕ್ಕೂ ಆ ಮಾಂಸದ್ದೇ ಕಥೆ. ಅದು ಎಪ್ಪತ್ತಕ್ಕೆ ಬಂದು ನಿಲ್ಲುತ್ತಂತಲ್ಲ? ಗಂಟೆಗಟ್ಟಲೆ ಅಲ್ಲಾಡಲ್ವಂತೆ. ಒಳಗಿನ ನೀರು ಬೆವರಾಗಿ ಮೇಲೆ ಬರ್ತಾ ಇರುತ್ತಂತೆ, ಆ ಬೆವರೇ ಅದನ್ನ ತಣ್ಣಗಿಡುತ್ತಂತೆ. ಹೊಸಬರೆಲ್ಲ ಅಲ್ಲೇ ಹೆದರಿ ಕೆಡಿಸಿಬಿಡ್ತಾರಂತೆ. ಬೆವರೋದು ಮುಗಿದ್ಮೇಲೆ ಅದೇ ತಾನಾಗಿ ಏಳುತ್ತೆ, ಸಂಜೆ ಹೊತ್ತಿಗೆ ನೋಡು ಅಂದ. ನೀವು ಟವೆಲ್ ಹಾಕೋಕೆ ಬಂದಿದ್ದು ಹೇಳಿ ಹೇಳಿ ನಗ್ತಿದ್ದ. ಅಕ್ಕಂಗೆ ಜೀವ ಹೊಡ್ಕೋತಿದೆ, ಬೆಳಿಗ್ಗೆ ಎಲ್ಲ ಹೇಳಿದೀನಿ, ಆದ್ರೂ ಅವಳಿಗೆ ತಡಿಯಲ್ಲ ಅಂದ."

ಕಂಡಕ್ಟರ್ ಇನ್ನೂ ಏನೋ ಹೇಳಿದ, ಬರ್ತೀನಿ ಅಂದ, ಹೋದ. ಅವಳು ಹೂಂ ಅಂದಳೋ ಇಲ್ಲವೋ. ಬೆವರು ಮೈಯನ್ನು ತಣ್ಣಗಿಡುತ್ತದೆ ಅಂತ ಜ್ವರದವರ ಮನೆಯವರಿಗೆ ದಿನಾ ಹೇಳುವವಳು ಅವಳೇ. ಬೆಳಿಗ್ಗೆ ಅವನು ಎಡಗೈ ಆಡಿಸುತ್ತ ಹೇಳಿದ್ದು ಇದನ್ನೇ. ಎದುರಿಗೇ ನಿಂತು ಹೂಂಗುಟ್ಟಿದ್ದಳಲ್ಲ, ಮೀಸೆ ನೋಡಿಕೊಂಡು! ಯಾರ ಮೇಲೆ ಸಿಟ್ಟು ಮಾಡುವುದು? ಚಿಕ್ಕಮ್ಮನ ಮೇಲೆ ಒಂದು ಕ್ಷಣ ಮಾಡಿ ನೋಡಿದಳು, ಹತ್ತಲಿಲ್ಲ. ಕುಕ್ಕರನ್ನು ಬೋರಲು ಹಾಕಿ ಕಣ್ಣೀರು ಬಂದಷ್ಟು ಅತ್ತಳು. ಗಂಡ ಬಂದು ನಲ್ಲಿ ನಿಲ್ಲಿಸಿದ. ನಾನು ಹೇಳ್ಲಿಲ್ವಾ ಅನ್ನಲಿಲ್ಲ. ಚಿಕ್ಕಮ್ಮನನ್ನು ಬಿಟ್ಟು ಬರ್ತೀನಿ ಅಂತ ಹೇಳಿ ಗಾಡಿಯ ಕೀಲಿ ತೆಗೆದುಕೊಂಡು ಹೊರಟ.

ಮನೆ ಖಾಲಿಯಾಯಿತು. ಹಿತ್ತಲಿಗೆ ಸಂಜೆ ಇಳಿಯುತ್ತಿತ್ತು. ತಟ್ಟೆ ತರಲು ಹೋದವಳಿಗೆ ಡ್ರಮ್ಮು ಇನ್ನೂ ಉರಿಯುತ್ತಿದೆ ಅಂತ ಆಗ ಗೊತ್ತಾಯಿತು. ಒಳಗೆ ಏನೂ ಇಲ್ಲ, ಬೆಂಕಿಗೆ ಅದೇನು ಗೊತ್ತು? ಮುಚ್ಚಳದ ಮುಳ್ಳು ಬೆಳಿಗ್ಗೆ ಅವನು ಕೂರಿಸಿದ ಜಾಗದಿಂದ ಒಂದು ಗೆರೆ ಆಚೆ ಈಚೆ ಆಗಿರಲಿಲ್ಲ. ಮೇಲಿನ ಕಿಂಡಿಯಿಂದ ಹೊಗೆ ದಾರದಷ್ಟು ತೆಳ್ಳಗೆ, ನೀಲಿಯಾಗಿ, ನೇರ ಏಳುತ್ತಿತ್ತು. ಇ‌ಷ್ಟು ಚೆನ್ನಾಗಿ ಮಾಡಿದ್ದನಲ್ಲ. ಯಾವ ಕಿಂಡಿ ಮುಚ್ಚಬೇಕು, ಯಾವುದನ್ನು ತೆರೆಯಬೇಕು ಅವಳಿಗೆ ತಿಳಿಯಲಿಲ್ಲ. ನೀರು ಸುರಿದರೆ ಏನಾದರೂ ಸಿಡಿದೀತು. ಹೀಗೇ ಬಿಟ್ಟರೆ ಬೆಂಕಿ, ಪಕ್ಕದಲ್ಲಿ ಬೇಲಿ.

ಹಿಂದಿನ ಕೋಣೆಯ ಬಾಗಿಲ ಮುಂದೆ ಬಂದು ನಿಂತಳು. ಚಿಲಕದ ಮೇಲೆ ಕೈಯಿಟ್ಟಳು.

"ಪುಟ್ಟಾ."

ಬಾಗಿಲಿಗೆ ಇನ್ನಷ್ಟು ಹತ್ತಿರ ಬಾಗಿದಳು.

"ಬೆಂಕಿ ಇನ್ನೂ ಇದೆ ಕಣೋ. ಅದನ್ನ ಆರಿಸೋದು ಹೇಗೆ?"

ಮಂಚ ಕಿರುಗುಟ್ಟಿತು. ಎದ್ದ ಅಂದುಕೊಂಡಳು. ಎದ್ದಿರಲಿಲ್ಲ, ಮಗ್ಗುಲು ಬದಲಿಸಿದ್ದ. ಆಮೇಲೆ ಮಾತು ಬಂತು, ಸಿಟ್ಟಿಲ್ಲದ, ದಣಿದ ಮಾತು. ಗೋಡೆಯ ಕಡೆ ಮುಖ ಮಾಡಿ ಆಡಿದ ಮಾತು ಅಂತ ದನಿಯಲ್ಲೇ ಗೊತ್ತಾಗುತ್ತಿತ್ತು.

"ಅದರ ಪಾಡಿಗೆ ಅದು ಆರುತ್ತೆ ಅಕ್ಕ. ನೀನು ಹೋಗಿ ಮಲ್ಕೋ."

ಅವಳು ಚಿಲಕದ ಮೇಲಿನ ಕೈ ತೆಗೆದಳು. ತೆಗೆದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ನಿಂತು, ಆಮೇಲೆ ಬಾಗಿಲಿನ ಪಕ್ಕ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಒಂದು ಕೈಯನ್ನು ಇನ್ನೊಂದು ಕೈಯಿಂದ ಮಡಿಲಲ್ಲಿ ಹಿಡಿದುಕೊಂಡಳು. ಲೈಟು ಹಾಕಲಿಲ್ಲ. ಒಳಗಿನಿಂದ ಅವನ ಉಸಿರು ಕೇಳಿಸಬಹುದು ಅಂತ ತನ್ನ ಉಸಿರನ್ನು ಸಣ್ಣದು ಮಾಡಿಕೊಂಡು ಕಿವಿಗೊಟ್ಟಳು.